ನೀರು ಬಿಟ್ಟ ಹುಡುಗಿ

ನಮ್ಮ ಮನೆಮಂದಿಯೆಲ್ಲ ನನ್ನನ್ನು ಕೈಮುಗಿದು ಮಾತನಾಡಿಸಿದ್ದು ಜೀವಮಾನದಲ್ಲಿ ಒಂದೇ ಸಲ. ಆಗ ನನಗೆ ಹದಿಮೂರು ವರ್ಷ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ನನ್ನನ್ನು ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸಿ, ಅಜ್ಜಿ ನನ್ನ ಕಾಲ ಬಳಿ ಕುಳಿತು "ತಾಯೀ, ತಂಪಾಗಿರವ್ವ" ಎಂದು ಬೇಡಿಕೊಳ್ಳುತ್ತಿದ್ದಳು. ಹಿಂದಿನ ವಾರದವರೆಗೂ ಇದೇ ಅಜ್ಜಿ ನನ್ನನ್ನು "ಈ ಹೆಳವಿ ಯಾರ ತಲೆ ಮೇಲೋ" ಎಂದು ಗೊಣಗಿದವಳು. ಸಿಡುಬಾಗಿ ಮೈಮೇಲೆ ಅಮ್ಮ ಬಂದಿದ್ದಾಳೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ನನಗೆ ಬಂದಿರುವುದು ಅಮ್ಮನಲ್ಲ ಎಂದು ಒಳಗೊಳಗೇ ಗೊತ್ತಿತ್ತು. ಬಾಯಿಬಿಟ್ಟರೆ ಶಾಲೆ ಹೋಗುತ್ತದೆ, ಬಿಡದಿದ್ದರೆ ಜೀವವೇ ಹೋಗಬಹುದು ಎಂಬ ಸಂದಿಯಲ್ಲಿ ನಾನು ಕಣ್ಣುಮುಚ್ಚಿ ಮಲಗಿದ್ದೆ.

ಹೀಗಾದದ್ದು ಹೇಗೆ ಎಂದು ಮೊದಲಿನಿಂದ ಹೇಳಬೇಕು.

ಬೂದಿಗೆರೆಗೂ ದೇವನಹಳ್ಳಿಗೂ ನಡುವಿನ ಸಣ್ಣ ಊರು ನಮ್ಮದು. ರಾಗಿ, ಅವರೆ, ಬಾವಿಯ ಪಕ್ಕದಲ್ಲಿ ಒಂದಿಷ್ಟು ಹಿಪ್ಪುನೇರಳೆ. ನಾನು ಚಿಕ್ಕವಳಿದ್ದಾಗ ಮರಕೋತಿಗಿಂತ ಕಡೆ ಎಂದು ಊರೇ ಹೇಳುತ್ತಿತ್ತು. ಒಂದು ದಿನ ಹುಲ್ಲಿನ ಮೆದೆಯ ಮೇಲಿಂದ ಜಾರುವ ಆಟದಲ್ಲಿ, ಕೆಳಗೆ ನಿಲ್ಲಿಸಿದ್ದ ಗಾಡಿಯ ಮೂಕಿಯ ಮೇಲೆ ಬೆನ್ನು ಹೊಡೆದು ಬಿದ್ದೆ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದಾಗ ಕಾಲಿಗೆ ಕಬ್ಬಿಣದ ಸರಳು ಕಟ್ಟಿದ ಬೂಟು, ಕಂಕುಳಿಗೆ ಎರಡು ಊರುಗೋಲು ಬಂದಿದ್ದವು. ಅದು ಕಣ್ಣಿಗೆ ಕಾಣುವ ಕಷ್ಟ. ಕಾಣದ ಕಷ್ಟವೆಂದರೆ, ಸೊಂಟದ ಕೆಳಗಿನಿಂದ ನನಗೆ ಯಾವ ಸುದ್ದಿಯೂ ಬರುತ್ತಿರಲಿಲ್ಲ. ಬೂಟು ಕಚ್ಚಿ ಗಾಯವಾದರೂ ತಿಳಿಯದು. ಒಂದಕ್ಕೆ ಬಂದಿದೆ ಎಂಬುದೂ ತಿಳಿಯದು. ಬಟ್ಟೆ ಒದ್ದೆಯಾದ ಮೇಲೆ ಪಕ್ಕದವರ ಮುಖ ನೋಡಿ ತಿಳಿಯಬೇಕು.

ಶಾಲೆಯಲ್ಲಿ ಒಂದು ದಿನ ಹಾಗೇ ಆಯಿತು. ಚಾಪೆಯ ಮೇಲೆ ನನ್ನ ಪಕ್ಕ ಕುಳಿತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಸರಿದರು. ಹೆಡ್ಮಾಸ್ತರರು ಅಪ್ಪನನ್ನು ಕರೆಸಿದರು. ನಾನು ಕಿಟಕಿಯ ಈಚೆಗೆ ನಿಂತಿದ್ದೆ. "ನೋಡಪ್ಪಾ, ನಂಗೂ ಮಕ್ಕಳಿದಾವೆ, ಕನಿಕರ ಇದೆ. ಆದ್ರೆ ಇನ್ನೊಂದ್ಸಲ ಹಿಂಗಾದ್ರೆ ಮನೇಲೇ ಇಟ್ಕೊ. ಬೇರೆ ಮಕ್ಕಳ ಅಪ್ಪಅಮ್ಮಂದ್ರು ಕೇಳ್ತಾರೆ." ಅಪ್ಪ ತಲೆತಗ್ಗಿಸಿ, "ಆಗ್ಲಿ ಸ್ವಾಮಿ" ಎಂದ. ಮನೆಗೆ ಬಂದು ಅವ್ವನಿಗೆ "ಮೇಷ್ಟ್ರು ಕರೆಸಿದ್ರು" ಎಂದನೇ ಹೊರತು ಯಾಕೆ ಎಂದು ಹೇಳಲಿಲ್ಲ. ಆ ವಿಷಯ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ. ಅವ್ವ ನನ್ನ ಲಂಗಗಳನ್ನು ಬೇರೆ ಒಗೆದು, ಹಿತ್ತಲ ಬೇಲಿಯ ಒಳಮಗ್ಗುಲಿಗೆ ಒಣಹಾಕುತ್ತಿದ್ದಳು, ಅಷ್ಟೆ.

ಆಗ ನಾನೇ ಒಂದು ಉಪಾಯ ಕಂಡುಕೊಂಡೆ. ನೀರು ಬಿಟ್ಟೆ. ಬೆಳಗ್ಗೆ ಎದ್ದರೆ ಬಾಯಿ ಮುಕ್ಕಳಿಸಿ ಉಗಿದುಬಿಡುವುದು, ಮಜ್ಜಿಗೆ ಮುಟ್ಟದಿರುವುದು, ಮುದ್ದೆಗೆ ಗಟ್ಟಿ ಹುಳಿಯನ್ನಷ್ಟೇ ಹಾಕಿಸಿಕೊಳ್ಳುವುದು. ಸಂಜೆ ಮನೆಗೆ ಬಂದ ಮೇಲೂ ಹೆದರಿಕೊಂಡು ಅರ್ಧ ಲೋಟ. ಮಧ್ಯಾಹ್ನದ ಹೊತ್ತಿಗೆ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಬೇರೆ ಹುಡುಗಿಯರು ಬಾವಿಯ ಬಳಿ ಬೊಗಸೆಯೊಡ್ಡಿ ಕುಡಿಯುವ ಸದ್ದು ಕೇಳಬಾರದೆಂದು ನಾನು ಗಟ್ಟಿಯಾಗಿ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಬಟ್ಟೆ ಮಾತ್ರ ಬಹುತೇಕ ಒಣಗಿರುತ್ತಿತ್ತು. ತುಟಿ ಒಡೆದದ್ದನ್ನು ನೋಡಿ ಅಜ್ಜಿ "ಉಷ್ಣದ ಮೈ" ಎಂದು ಹರಳೆಣ್ಣೆ ಸವರಿದಳು.

ನನ್ನ ಈ ಉಪಾಯದ ಗುಟ್ಟು ಹಿಡಿದವರು ನರ್ಸಮ್ಮ. ಹೆಲ್ತ್ ಯೂನಿಟ್ಟಿನಿಂದ ಶಾಲೆಗೆ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಲು ಬರುತ್ತಿದ್ದವರು, ಕೋಲಾರದ ಕಡೆಯವರು, ನಲವತ್ತರ ಆಸುಪಾಸು. ಕೊಡೆ, ಕೈಚೀಲ, ಮೂಗಿನ ತುದಿಯಲ್ಲೇ ಸಿಟ್ಟು. ಅವರು ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸುವಂಥ ಗಂಟಲು. ನನ್ನ ತೋಳು ಹಿಡಿದವರು ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟು ನೋಡಿದರು.

"ಏನ್ ಪಾಪ, ನೀರು ಕುಡಿಯಲ್ವಾ?"

"ಕುಡೀತೀನಿ ಸಿಸ್ಟರ್."

"ಸುಳ್ಳು ಹೇಳಿದ್ರೆ ನನ್ ಗಂಟೇನೂ ಹೋಗಲ್ಲ. ನಿಂದೇ ಹೋಗೋದು."

ಶಾಲೆ ಬಿಟ್ಟ ಮೇಲೆ ನನ್ನನ್ನು ಹಿಂದಿನ ಜಗಲಿಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೊರಡಿಸಿದರು. ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅಳು ಮುಗಿಯುವವರೆಗೆ ಕೊಡೆಯ ಕಡ್ಡಿ ಸರಿಮಾಡುತ್ತ ಕುಳಿತಿದ್ದರು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಅವರೆಕಾಳಿನಂಥ ಚಿತ್ರ, ಕೆಳಗೊಂದು ಚೀಲ ಬರೆದರು. "ಇದು ಮೂತ್ರಪಿಂಡ. ಚೀಲ ತುಂಬಿದ್ದು ನಿಂಗೆ ಗೊತ್ತಾಗಲ್ಲ. ಗೊತ್ತಾಗದೇ ಇದ್ರೆ ಗಂಟೆ ನೋಡಿ ಖಾಲಿ ಮಾಡ್ಬೇಕು. ನೀರೇ ಬಿಟ್ರೆ ಚೀಲದಲ್ಲಿ ಇರೋದು ಕೊಳೆಯುತ್ತೆ, ಕೊಳೆ ಮೇಲಕ್ಕೆ ಹೋಗುತ್ತೆ. ಕಾಲು ಹೋಯ್ತು, ಕೋಲು ಕೊಟ್ರು. ಇದು ಹೋದ್ರೆ ಯಾರೂ ಏನೂ ಕೊಡಕ್ಕಾಗಲ್ಲ."

ನನಗೆ ಆ ರಾತ್ರಿಯೆಲ್ಲ ಹೊಟ್ಟೆಯೊಳಗಿನ ಆ ಎರಡು ಕಾಳುಗಳದೇ ಚಿಂತೆಯಾಯಿತು.

ಅವರು ಆ ಕಡೆ ಬಂದಾಗಲೆಲ್ಲ ಪಾಠ ನಡೆಯುತ್ತಿತ್ತು. ಹೊಕ್ಕುಳ ಕೆಳಗೆ ಅಂಗೈಯಿಟ್ಟು ಮೆಲ್ಲಗೆ ಒತ್ತುವುದು, ಅವಸರ ಮಾಡದಿರುವುದು, ಮೊದಲು ಕೈ ತೊಳೆದುಕೊಳ್ಳುವುದು. ಶಾಲೆಯ ಗಂಟೆಗಳನ್ನೇ ಗುರುತು ಮಾಡಿಕೊಳ್ಳುವುದು. ಮೂತ್ರವನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡುವುದು: ಎಳನೀರಿನ ಹಾಗಿದ್ದರೆ ಸರಿ, ಕಷಾಯದ ಬಣ್ಣವಾದರೆ ನೀರು ಸಾಲದು, ಕದಡಿ ನಾತ ಬಂದರೆ ಕೆಟ್ಟಿದೆ. ಅದರ ಜೊತೆಗೆ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು ಬಂದರೆ ಅವತ್ತೇ ಡಾಕ್ಟರು. ಸಂಜೆ ಬೂಟು ಬಿಚ್ಚಿ, ಪಾದದಡಿಗೆ ಕನ್ನಡಿ ಹಿಡಿದು ಗಾಯ ಹುಡುಕುವುದು. ಒಂದನ್ನೂ ಅವರು ತಾವಾಗಿ ಮಾಡಿಕೊಡುತ್ತಿರಲಿಲ್ಲ. "ನಾನು ರಜಾ ಹೋದ್ ದಿನ ನಿನ್ ಮೈ ಏನು ರಜಾ ತಗೊಳುತ್ತಾ?" ಎಂದು ರೇಗುತ್ತಿದ್ದರು.

ಶಾಲೆಯ ಹಿಂದೆ ಒಂದು ಮರೆ ಬೇಕಿತ್ತು, ನಡುವೆ ತೂತು ಕೊರೆದ ಒಂದು ಮಣೆಪೀಠ ಬೇಕಿತ್ತು. ಕಬ್ಬಿಣದ ಕಾಲಿನಲ್ಲಿ ನಾನು ಕುಕ್ಕರಗಾಲು ಕೂರಲಾರೆ. ಹೆಡ್ಮಾಸ್ತರರನ್ನು ನೀವೇ ಕೇಳಿ ಎಂದು ನಾನು ಗೋಗರೆದರೂ ನರ್ಸಮ್ಮ ಕೇಳಲಿಲ್ಲ. ಕೊನೆಗೆ ನಾನೇ ಹೋಗಿ ನಿಂತೆ. ಮರೆಯನ್ನೂ ಮಣೆಯನ್ನೂ ಕೇಳಿದೆ. ಅವರು ನನ್ನ ಮುಖ ನೋಡದೆ, ಸೂರಿನ ಹೆಂಚು ನೋಡುತ್ತ, "ಮಾಡ್ಕೊ, ಮಾಡ್ಕೊ" ಎಂದರು. ತೆಂಗಿನ ಗರಿಯ ತಡಿಕೆ ಎದ್ದಿತು. ನಾನು ನೀರು ಕುಡಿಯಲು ಶುರುಮಾಡಿದೆ. ಆದರೂ ಹೆದರಿಕೆ ಬಿಟ್ಟುಹೋಯಿತು ಎಂದುಕೊಳ್ಳಬೇಡಿ. ಪಾಠ ಕೇಳುತ್ತಿರುವಾಗ ಕೈ ತಾನಾಗಿಯೇ ಲಂಗದ ಹಿಂಬದಿಗೆ ಹೋಗಿ ಮುಟ್ಟಿ ನೋಡುತ್ತಿತ್ತು. ಈ ವಯಸ್ಸಿನಲ್ಲೂ ಹೋಗುತ್ತದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಪರೀಕ್ಷೆಯ ಕೇಂದ್ರ ದೇವನಹಳ್ಳಿ ಎಂದು ತಿಳಿಯಿತು. ಗುರುತಿಲ್ಲದ ಶಾಲೆ, ಗುರುತಿಲ್ಲದ ಮೇಷ್ಟ್ರುಗಳು, ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರಬೇಕು. ಅಲ್ಲಿ ತಡಿಕೆಯೂ ಇಲ್ಲ, ಮಣೆಯೂ ಇಲ್ಲ. "ಅಲ್ಲಿ ಹೋಗಿ ನಮ್ ಸ್ಕೂಲ್ ಮಾನ ಕಳೀಬೇಡ್ರಪ್ಪಾ" ಎಂದು ಹೆಡ್ಮಾಸ್ತರರು ಎಲ್ಲರಿಗೂ ಹೇಳಿದರು. ನನಗೆ ಅದು ನನಗೊಬ್ಬಳಿಗೇ ಹೇಳಿದಂತೆ ಕೇಳಿಸಿತು. ನರ್ಸಮ್ಮನೂ ಆ ದಿನಗಳಲ್ಲಿ ಇರಲಿಲ್ಲ. ಹಳ್ಳಿಹಳ್ಳಿಯಲ್ಲಿ ಮಕ್ಕಳಿಗೆ ಅಮ್ಮ ಆಗಿ, ದಾಕು ಹಾಕಲು ಅವರನ್ನು ಬೇರೆ ಕಡೆಗೆ ಹಾಕಿದ್ದರು. ನಾನು ಮತ್ತೆ ನೀರು ಬಿಟ್ಟೆ. ಮೈಯನ್ನು ಒಣಗಿಸಿ ಪರೀಕ್ಷೆಗೆ ಪಳಗಿಸಬಹುದು ಎಂದು ನನ್ನ ಲೆಕ್ಕ. ಲೋಟ ನೋಡುವುದನ್ನೂ ಬಿಟ್ಟೆ, ಯಾಕೆಂದರೆ ಅದರಲ್ಲಿ ಏನು ಕಾಣುತ್ತದೆ ಎಂದು ನನಗೆ ಗೊತ್ತಿತ್ತು.

ಒಂದು ಬೆಳಗ್ಗೆ ಹಲ್ಲು ಕಟಕಟಿಸುವಂಥ ಚಳಿ ಬಂದು ಜ್ವರ ಏರಿತು. ಬಿಸಿಲಿಗೆ ಕುತ್ತಿಗೆಯ ಸುತ್ತ ಬೆವರುಗುಳ್ಳೆ ಎದ್ದಿತ್ತು. ಹಿಂದಿನ ಬೀದಿಯಲ್ಲಿ ಎರಡು ಮಕ್ಕಳಿಗೆ ಅಮ್ಮ ಆಗಿತ್ತು. ಅಜ್ಜಿ ನನ್ನ ಕುತ್ತಿಗೆ ನೋಡಿದಳು, ಗಲ್ಲ ಬಡಿದುಕೊಂಡಳು, ಬೇವಿನ ಮರದ ಕಡೆ ಓಡಿದಳು. ಅಷ್ಟರಲ್ಲೇ ಮನೆ ಬದಲಾಗಿಹೋಯಿತು. ಒಲೆಯ ಮೇಲೆ ಒಗ್ಗರಣೆ ಇಲ್ಲ, ಹೊರಗಿನವರು ಹೊಸಲು ದಾಟುವಂತಿಲ್ಲ, ಔಷಧಿಯ ಮಾತು ಎತ್ತುವಂತಿಲ್ಲ. ಎತ್ತಿದರೆ ತಾಯಿಗೆ ಕೋಪ. ಅವ್ವ ಮಿಂದು ಒದ್ದೆ ಸೀರೆಯಲ್ಲಿ ಬಂದು ತಂಬಿಟ್ಟಿನ ದೀಪ ಇಟ್ಟಳು. ಅಪ್ಪ ಬಾಗಿಲ ಆಚೆಗೆ ಟವೆಲ್ಲನ್ನು ಸೊಂಟಕ್ಕೆ ಕಟ್ಟಿಕೊಂಡು, "ತಪ್ಪಿದ್ರೆ ಹೊಟ್ಟೇಗಾಕ್ಕೊಳವ್ವ" ಎಂದು ನನಗೆ ಕೈಮುಗಿದ.

ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಅದು ಹಿತವಾಗಿತ್ತು. ಅಮ್ಮ ಬಂದರೆ ಮರ್ಯಾದೆ. ನನಗೆ ಬಂದಿರುವುದಕ್ಕೆ ಬರೀ ಹೇಸಿಗೆ. ಊರೇ ನನ್ನನ್ನು ದೇವರೆಂದುಕೊಂಡಿರುವಾಗ, ಇದು ಉಚ್ಚೆಯ ಜ್ವರ ಎಂದು ಯಾವ ಬಾಯಲ್ಲಿ ಹೇಳಲಿ? ಸಾಂಬ್ರಾಣಿಯ ಹೊಗೆಯಲ್ಲಿ ನನ್ನ ಬಟ್ಟೆಯ ನಾತವೂ ಮುಚ್ಚಿಹೋಗಿತ್ತು. ಎಳನೀರು ಕೊಟ್ಟರು, ಕುಡಿದದ್ದೆಲ್ಲ ವಾಂತಿಯಾಯಿತು. "ತಾಯಿ ಒಪ್ತಾ ಇಲ್ಲ" ಎಂದು ಅಜ್ಜಿ ಇನ್ನಷ್ಟು ಹೆದರಿದಳು. ಮಾರನೆಯ ದಿನಕ್ಕೆ ಬಲಪಕ್ಕೆಯಲ್ಲಿ ಗುದ್ದಲಿ ಹಾಕಿದಂಥ ನೋವು ಶುರುವಾಯಿತು. ಕಣ್ಣುಮುಚ್ಚಿದರೆ ಸೀಮೆಸುಣ್ಣದ ಆ ಕಾಳು ಕೊಳೆಯುತ್ತಿರುವುದು ಕಾಣುತ್ತಿತ್ತು. ಇಲ್ಲ, ಇದು ಅಮ್ಮನೇ, ಅಜ್ಜಿಗೆ ತಿಳಿಯದೇ ಇರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ.

ಅಂದು ಮಧ್ಯಾಹ್ನ ಹೊರಗೆ ಆ ಗಂಟಲು ಕೇಳಿಸಿತು. ಶಾಲೆಯಲ್ಲಿ ವಿಚಾರಿಸಿಕೊಂಡು ನರ್ಸಮ್ಮ ಬಂದಿದ್ದರು.

ಅಜ್ಜಿ ಹೊಸಲಿಗೆ ಅಡ್ಡ ನಿಂತಳು. "ಒಳೀಕ್ ಬರಬ್ಯಾಡಿ ನರ್ಸಮ್ಮ. ತಾಯಿ ಬಂದವ್ಳೆ."

"ಬರಲ್ಲ ಅಜ್ಜಿ. ಚಪ್ಪಲಿ ಅಲ್ಲೇ ಬಿಟ್ಟಿದೀನಿ. ಇಲ್ಲಿಂದ್ಲೇ ಎರಡು ಮಾತಾಡ್ಸಿ ಹೋಗ್ಲಾ?"

"ಮಾತಾಡಿ. ಸೂಜಿ ಗೀಜಿ ತೆಗೀಬ್ಯಾಡಿ ಮತ್ತೆ."

ಅವರು ಜಗಳವಾಡುತ್ತಾರೆ, ಅಜ್ಜಿಯನ್ನು ತಳ್ಳಿ ಒಳಗೆ ಬಂದು ನನ್ನ ಬದಲು ಎಲ್ಲ ಹೇಳಿಬಿಡುತ್ತಾರೆ ಎಂದು ನಾನು ಕಾದೆ. ಅವರು ಹಾಗೆ ಮಾಡಲಿಲ್ಲ. ಒಂದು ಮನೆಯಲ್ಲಿ ಹಾಗೆ ನುಗ್ಗಿದ್ದಕ್ಕೆ ಆ ಊರಿನವರು ಆಮೇಲೆ ಯಾವ ಮಗುವಿನ ತೋಳನ್ನೂ ಅವರ ಕೈಗೆ ಕೊಡಲಿಲ್ಲವೆಂದು ಮುಂದೊಮ್ಮೆ ಹೇಳಿದರು. ಅಂದು ಹೊಸಲಾಚೆ ನಿಂತು ಕೂಗಿದರು.

"ಪಾಪ, ಚಳಿ ಬಂದು ನಡುಗಿತಾ?"

"ಹೂಂ."

"ನೋವೆಲ್ಲಿದೆ?"

ನಾನು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡೆ.

"ಲೋಟ ನೋಡಿದ್ಯಾ?"

ಜಗಲಿಯ ಮೇಲೆ ಯಾರಿದ್ದಾರೆಂದು ನನಗೆ ಗೊತ್ತಿತ್ತು. ಅಪ್ಪ, ದೊಡ್ಡಪ್ಪ, ಎದುರು ಮನೆಯ ಯಜಮಾನರು. ಎಲೆಅಡಿಕೆ ಕುಟ್ಟುವ ಸದ್ದು ನಿಂತಿತ್ತು. ನಾನು ಬಾಯಿಬಿಟ್ಟರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ, ನಾಳೆ ಹೆಡ್ಮಾಸ್ತರರಿಗೆ. ಪರೀಕ್ಷೆ, ಶಾಲೆ ಎಲ್ಲ ಅಲ್ಲಿಗೆ ಮುಗಿಯಿತು. ಅಜ್ಜಿ ನನ್ನ ಕಡೆ ತಿರುಗಿ ಕೈಮುಗಿದು ನಿಂತಿದ್ದಳು, ದೇವರು ಏನು ಹೇಳುತ್ತದೋ ಎಂದು. ಅಷ್ಟರಲ್ಲಿ ಪಕ್ಕೆಯ ನೋವು ಇನ್ನೊಮ್ಮೆ ಎದ್ದಿತು. ಧೈರ್ಯ ಗೀರ್ಯ ಏನೂ ಬರಲಿಲ್ಲ. ಒಂದು ಹೆದರಿಕೆಗಿಂತ ಇನ್ನೊಂದು ಹೆದರಿಕೆ ದೊಡ್ಡದಾಯಿತು, ಅಷ್ಟೆ.

"ಉಚ್ಚೆ ಕೆಟ್ಟಿದೆ ಸಿಸ್ಟರ್!" ಎಂದು ಕಿರುಚಿದೆ. "ನಿನ್ನೆ ನೋಡ್ದೆ, ಅಕ್ಕಿ ತೊಳೆದ ನೀರಿನ ಹಂಗಿದೆ. ನಾರುತ್ತೆ. ನಿನ್ನೆಯಿಂದ ಒತ್ತಿದ್ರೂ ಸರಿಯಾಗಿ ಬರ್ತಾ ಇಲ್ಲ. ಬಲಪಕ್ಕೆ ನೋವು. ನಾನು ನೀರು ಬಿಟ್ಬಿಟ್ಟಿದ್ದೆ. ಇದು ಅಮ್ಮ ಅಲ್ಲ."

"ಬಿಡ್ತು ಅನ್ನು! ಬಿಡ್ತು ಅನ್ನೇ!" ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

ನಾನು ಅನ್ನಲಿಲ್ಲ. ಹೊರಗೆ ಯಾರೋ ಕೆಮ್ಮಿದರು, ಯಾರೋ ಎದ್ದು ಹೋದ ಸದ್ದಾಯಿತು. ನರ್ಸಮ್ಮನ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿರಲೇ ಇಲ್ಲ. "ಯಜಮಾನ್ರೇ, ನಿಮ್ ಮಗಳು ಹೇಳಿದ್ದು ಕೇಳಿಸ್ತಲ್ಲ. ಅವಳು ಹೇಳಿದ್ದು ಸರಿಯಾಗಿದೆ. ತಡ ಮಾಡಿದ್ರೆ ಉಳಿಯಲ್ಲ."

"ತಾಯಿ ಬಂದಿರೋ ಮೈನ ಹೊಸಲು ದಾಟಿಸ್ತೀಯೇನ್ಲಾ?" ಅಜ್ಜಿ ಅಪ್ಪನನ್ನು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಭಯ. ನನ್ನನ್ನು ಕಳೆದುಕೊಳ್ಳುವ ಭಯ ಅವಳಿಗೂ ಇತ್ತು ಎಂದು ನನಗೆ ತಿಳಿದದ್ದು ಅಂದೇ.

ಅಪ್ಪ ಬಾಗಿಲಿಗೆ ಬಂದ. ಅವನ ಮುಖ ಬೂದಿಯಾಗಿತ್ತು. "ತಾಯಿ ಅಲ್ವೇನವ್ವಾ?"

"ಅಲ್ಲಪ್ಪ."

ಅವನು ಇನ್ನೊಂದು ಮಾತಾಡದೆ ಗಾಡಿ ಹೂಡಲು ಹೋದ. ಅಜ್ಜಿ ಅರಿಶಿನದ ನೀರು ಚಿಮುಕಿಸಿ, ನನ್ನ ಜಡೆಗೆ ಬೇವಿನ ಎಸಳು ಸಿಕ್ಕಿಸಿ, ತಾಯಿಗೆ ತಪ್ಪು ಒಪ್ಪಿಸಿದಳು. ಗಾಡಿ ಹೊರಡುವಾಗ ನರ್ಸಮ್ಮನಿಗೆ, "ಇವ್ಳಿಗೇನಾರ ಆದ್ರೆ ನಿಮ್ಮನ್ನ ಬಿಡಾಕಿಲ್ಲ" ಎಂದಳು. "ಬಿಡ್ಬೇಡಿ ಅಜ್ಜಿ" ಎಂದು ನರ್ಸಮ್ಮ ಗಾಡಿ ಹತ್ತಿದರು.

ದೇವನಹಳ್ಳಿಯ ದಾರಿ ಅಷ್ಟು ಉದ್ದ ಎಂದು ನನಗೆ ಎಂದೂ ಅನಿಸಿರಲಿಲ್ಲ. ಗಾಡಿ ಕುಲುಕಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ತಡವಾಯಿತೇ ಎಂದು ಕೇಳಬೇಕೆನಿಸಿತು. ಹೌದು ಎಂದುಬಿಟ್ಟರೆ ಎಂದು ಕೇಳಲಿಲ್ಲ. ನರ್ಸಮ್ಮ ನನ್ನ ನಾಡಿ ಹಿಡಿದವರು ಆಸ್ಪತ್ರೆಯ ಬಾಗಿಲವರೆಗೂ ಬಿಡಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅಪ್ಪನನ್ನು ಕೇಳಿದರು, "ಏನಾಯ್ತು, ಯಾವಾಗಿಂದ?" ಅಪ್ಪ ನರ್ಸಮ್ಮನಿಗಾಗಿ ಹಿಂದೆ ನೋಡಿದ. ಅವರು ಬೇಕೆಂದೇ ಹೊರಗೆ ನಲ್ಲಿಯ ಬಳಿ ಕಾಲು ತೊಳೆಯುತ್ತ ನಿಂತಿದ್ದರು. ಕೊನೆಗೆ ಅಪ್ಪ, "ಅವಳ್ನೇ ಕೇಳಿ ಸ್ವಾಮಿ. ಅವಳ ಮೈ ವಿಚಾರ ಅವಳಿಗೇ ಗೊತ್ತು" ಎಂದ. ನಾನು ಎಲ್ಲ ಹೇಳಿದೆ. ಎರಡನೆಯ ಸಲ ಹೇಳುವಾಗ ನಾಲಗೆ ಅಷ್ಟು ತೊದಲಲಿಲ್ಲ. ರಬ್ಬರಿನ ನಳಿಕೆ ಹಾಕಿ ಚೀಲ ಖಾಲಿ ಮಾಡಿದರು, ಇಂಜೆಕ್ಷನ್ ಕೊಟ್ಟರು. ಇನ್ನೆರಡು ದಿನ ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು.

ಜ್ವರ ಇಳಿಯಿತು. ಪರೀಕ್ಷೆಯ ಹೊತ್ತಿಗೆ ಎದ್ದು ಕುಳಿತೆ, ಬರೆದೆ, ನಡುವೆ ಮೇಷ್ಟ್ರನ್ನು ಕೇಳಿ ಹೊರಗೂ ಹೋಗಿಬಂದೆ, ಪಾಸಾದೆ. ಯಾರೂ ನನ್ನನ್ನು ಶಾಲೆ ಬಿಡಿಸಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಪರೀಕ್ಷೆಯಲ್ಲ, ಜ್ವರ ಇಳಿದ ದಿನದ ಮಾತು. ಡಾಕ್ಟರು ನೋಡಲು ಬಂದಿದ್ದರು. ಅಪ್ಪ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದ.

"ಅಷ್ಟೆಲ್ಲ ಗೊತ್ತಿದ್ದೋಳು ನೀರು ಯಾಕಮ್ಮ ಬಿಟ್ಟೆ?"

"ಮತ್ತೆ ಒದ್ದೆಯಾದ್ರೆ ಸ್ಕೂಲ್ ಬಿಡಿಸ್ತಾರೆ ಅಂತ. ಹೆಡ್ಮಾಸ್ತರು ಹೇಳಿದ್ರು. ಅಪ್ಪಾನೂ ಆಗ್ಲಿ ಅಂದ್ರು."

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಅಪ್ಪ ನನ್ನ ಕಡೆ ತಿರುಗಿದ.

"ಬಾಯಾರ್ಕೆ ಆಯ್ತಿರ್ಲಿಲ್ವೇನವ್ವಾ ನಿಂಗೆ?"

"ಆಗ್ತಿತ್ತಪ್ಪ. ದಿನಾ ಆಗ್ತಿತ್ತು."

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದ. ವರಾಂಡದ ಹಂಡೆಯಿಂದ ಚೊಂಬಿನ ತುಂಬ ನೀರು ತಂದು, ನನ್ನ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದ. ಅಭ್ಯಾಸಬಲದಿಂದ ನಾನು ಎರಡು ಗುಟುಕಿಗೆ ತುಟಿ ಮುಚ್ಚಿದೆ. ಅವನು ಚೊಂಬು ಸರಿಸಲಿಲ್ಲ.

"ಕುಡಿಯವ್ವ," ಎಂದ. "ಒದ್ದೆ ಆದ್ರೆ ನಾನ್ ಒಗಿತೀನಿ."